ಅವ್ನ ಹೆಂಡ್ತಿ ಏನ್ ಮಾಡುದ್ಲು?

ಅಕ್ಟೋಬರ್ 24, 2016, ಸೋಮವಾರ. ಆಫೀಸಿನಲ್ಲಿ ಇಡೀ ದಿನ ಹೆಡ್‌ಫೋನ್ ಹಾಕಿಕೊಂಡೇ ಕೂತಿದ್ದೆ. ಹಾಡು ಕೇಳೋದಕ್ಕಲ್ಲ, ಕಿವಿ ಮುಚ್ಚಿಕೊಳ್ಳೋದಕ್ಕೆ. ಅಮೆರಿಕದ ಭಾನುವಾರ ರಾತ್ರಿ, ಅಂದರೆ ನಮ್ಮ ಸೋಮವಾರ ಬೆಳಗ್ಗೆ, ‘ದ ವಾಕಿಂಗ್ ಡೆಡ್’ ಏಳನೇ ಸೀಸನ್ನಿನ ಮೊದಲ ಕಂತು ಪ್ರಸಾರವಾಗಿತ್ತು. ಯಾರು ಸತ್ತರು ಅನ್ನೋದನ್ನ ಯಾರಾದರೂ ಕಾಫಿ ಮಷಿನ್ ಹತ್ತಿರ ಬಾಯಿಬಿಟ್ಟುಬಿಟ್ಟರೆ? ಸ್ಟ್ಯಾಂಡಪ್ ಮೀಟಿಂಗಿನಲ್ಲಿ ನನ್ನ ಪಾಲಿನ ಎರಡು ಮಾತು ಒಪ್ಪಿಸಿ ಮತ್ತೆ ಕಿವಿ ಮುಚ್ಚಿಕೊಂಡೆ. ಮೊಬೈಲಿನ ಡೇಟಾ ಆಫ್ ಮಾಡಿದ್ದೆ. ಮನೆಯಲ್ಲಿ ಯಾರಿಗೋ ಹುಷಾರಿಲ್ಲ ಅಂದುಕೊಂಡ ಮ್ಯಾನೇಜರ್, ಬೇಗ ಹೊರಡಿ ಅಂದರು. ಬೇಡ ಅನ್ನಲಿಲ್ಲ.

ರಾತ್ರಿ ಒಂಬತ್ತಕ್ಕೆ ಗೆಳೆಯನ ರೂಮಿನಲ್ಲಿ ನಾಲ್ಕು ಜನ ಸೇರಿದೆವು. ಎಗ್ ರೈಸ್ ಪಾರ್ಸೆಲ್ ಬಿಚ್ಚಿಟ್ಟು ನೋಡೋಕೆ ಶುರು ಮಾಡಿದೆವು. ಮುಗಿಯುವ ಹೊತ್ತಿಗೆ ಯಾರೂ ಪೂರ್ತಿ ತಿಂದಿರಲಿಲ್ಲ.

ಈ ಧಾರಾವಾಹಿ ನೋಡದವರಿಗೆ ಎರಡು ಮಾತು. ಎಎಂಸಿ ಅನ್ನೋ ಚಾನೆಲ್ಲಿನಲ್ಲಿ 2010ರಲ್ಲಿ ಶುರುವಾದ ಕಥೆ ಇದು. ರಾಬರ್ಟ್ ಕರ್ಕ್‌ಮನ್ ಬರೆದ ಕಾಮಿಕ್ಸ್ ಇದಕ್ಕೆ ಮೂಲ. ಸತ್ತವರು ಎದ್ದು ಓಡಾಡುತ್ತಾರೆ, ಬದುಕಿರೋರನ್ನ ಕಚ್ಚಿ ತಿನ್ನುತ್ತಾರೆ. ಸರ್ಕಾರ, ಆಸ್ಪತ್ರೆ, ಕರೆಂಟು ಯಾವುದೂ ಇಲ್ಲ. ರಿಕ್ ಅನ್ನೋ ಪೊಲೀಸಿನವನೊಬ್ಬ ಒಂದಷ್ಟು ಜನರನ್ನು ಕಟ್ಟಿಕೊಂಡು ಊರೂರು ಅಲೆಯುತ್ತಾನೆ. ಆ ಗುಂಪಿನಲ್ಲಿ ಗ್ಲೆನ್ ಅಂತ ಒಬ್ಬ ಹುಡುಗ. ಲೋಕ ಮುಳುಗೋ ಮೊದಲು ಮನೆಮನೆಗೆ ಪಿಜ್ಜಾ ಕೊಡುತ್ತಿದ್ದವನು. ಕೊರಿಯಾ ಮೂಲದ ಕುಟುಂಬದವನು. ಬಂದೂಕಿನ ಶೂರನಲ್ಲ. ಊರಿನ ಒಳದಾರಿಗಳು ಗೊತ್ತು, ಜನರ ಮೇಲೆ ನಂಬಿಕೆ ಇದೆ, ಅಷ್ಟೇ. ಮೊದಲ ಕಂತಿನಲ್ಲಿ ಟ್ಯಾಂಕಿನೊಳಗೆ ಸಿಕ್ಕಿಹಾಕಿಕೊಂಡ ರಿಕ್‌ಗೆ ರೇಡಿಯೋದಲ್ಲಿ ಕೇಳಿಸೋದು ಇವನ ದನಿ. ಆಮೇಲೆ ಮ್ಯಾಗಿ ಅನ್ನೋ ರೈತನ ಮಗಳನ್ನು ಪ್ರೀತಿಸಿ ಮದುವೆಯಾಗುತ್ತಾನೆ. ಈ ಕಂತಿನ ಹೊತ್ತಿಗೆ ಅವಳು ಬಸುರಿ.

ಹಳ್ಳಿಯಿಂದ ಬಂದು, ಬೆಂಗಳೂರಿನ ಇಂಟರ್‌ವ್ಯೂಗಳಲ್ಲಿ ಇಂಗ್ಲಿಷ್ ತೊದಲಿ, ಹೇಗೋ ಒಳಗೆ ಸೇರಿಕೊಂಡ ನನ್ನಂಥವನಿಗೆ ರಿಕ್‌ಗಿಂತ ಗ್ಲೆನ್ ಹತ್ತಿರ. ಹೊರಗಿನವನಾಗಿ ಬಂದು, ಯಾರ ಮೇಲೂ ಕೂಗಾಡದೆ, ಎಲ್ಲರಿಗೂ ಬೇಕಾದವನಾಗಿ ಬೆಳೆದವನು ಅವನು.

ಆ ಕಂತಿನಲ್ಲಿ ಅವನನ್ನು ಕೊಂದರು. ಹನ್ನೊಂದು ಜನರನ್ನು ಕಾಡಿನ ನಡುವೆ ಮಂಡಿಯೂರಿಸಿ, ನೀಗನ್ ಅನ್ನೋನು ಮುಳ್ಳುತಂತಿ ಸುತ್ತಿದ ಬೇಸ್‌ಬಾಲ್ ಬ್ಯಾಟಿನಿಂದ ಮೊದಲು ಏಬ್ರಹಾಂ ಅನ್ನೋ ಮಾಜಿ ಸೈನಿಕನ ತಲೆ ಒಡೆದ. ಅದನ್ನು ನೋಡಲಾರದೆ ಇನ್ನೊಬ್ಬ ಎದ್ದು ನೀಗನ್ ಮುಖಕ್ಕೆ ಗುದ್ದಿದ. ಆ ಒಂದು ಗುದ್ದಿಗೆ ದಂಡವಾಗಿ ಗ್ಲೆನ್‌ನ ತಲೆ. ಏಟಿಗೆ ಅವನ ಒಂದು ಕಣ್ಣು ಹೊರಗೆ ಬರುತ್ತೆ. ಆ ಸ್ಥಿತಿಯಲ್ಲೇ ಹೆಂಡತಿಗೆ ಏನೋ ಹೇಳೋಕೆ ಒದ್ದಾಡುತ್ತಾನೆ. ನಿನ್ನನ್ನು ಹುಡುಕಿಕೊಂಡು ಬರುತ್ತೇನೆ ಅನ್ನೋದು ಅದರ ತಾತ್ಪರ್ಯ.

ರೂಮಿನಲ್ಲಿ ಒಂದು ನಿಮಿಷ ಯಾರೂ ಮಾತಾಡಲಿಲ್ಲ. ಆಮೇಲೆ ಒಬ್ಬ ಅಂದ, “ಗುರು, ರಿವೈಂಡ್ ಮಾಡು. ಆ ಕಣ್ಣನ್ನ ಹೆಂಗೆ ಮಾಡಿದಾರೆ ನೋಡಣ.”

ಮಾಡಿದೆವು, ಎರಡು ಸಲ. ರಿಮೋಟ್ ನನ್ನ ಕೈಯಲ್ಲೇ ಇತ್ತು.

ಆ ರಾತ್ರಿಯಿಂದ ನನ್ನನ್ನು ಕಾಡುತ್ತಿರೋದು ನೀಗನ್ ಹೊಡೆದ ಏಟಿಗಿಂತ ಹೆಚ್ಚಾಗಿ ಆ ರಿವೈಂಡ್. ಈ ಕಂತು ಅತಿಯಾಯಿತು ಅಂತ ಅಮೆರಿಕದಲ್ಲಿ ಬೇಕಾದಷ್ಟು ಜನ ಬರೆದರು. ಪೇರೆಂಟ್ಸ್ ಟೆಲಿವಿಷನ್ ಕೌನ್ಸಿಲ್ ಅನ್ನೋ ಸಂಸ್ಥೆ ಕಟುವಾಗಿಯೇ ಖಂಡಿಸಿತು. ಎಲ್ಲರ ದೂರೂ ರಕ್ತದ ಮೇಲೆ. ನನಗೆ ಹಾಗನ್ನಿಸಲಿಲ್ಲ. ರಕ್ತವೇ ತಪ್ಪಾಗಿದ್ದರೆ ನಾವು ಕಣ್ಣು ಮುಚ್ಚಿಕೊಳ್ಳಬೇಕಿತ್ತು. ನಾವು ತಿರುಗಿಸಿ ನೋಡಿದೆವು. ಅಂದರೆ ಅಷ್ಟು ಹೊತ್ತಿಗೆ ನಮ್ಮ ಪಾಲಿಗೆ ಅಲ್ಲಿ ಸಾಯುತ್ತಿದ್ದವನು ಗ್ಲೆನ್ ಆಗಿರಲಿಲ್ಲ. ಹಾಗಾದರೆ ಏನಾಗಿದ್ದ?

ಒಂದು ಪ್ರಶ್ನೆಯ ಉತ್ತರವಾಗಿದ್ದ.

ಇದಕ್ಕೆ ಹಿಂದಿನ ಕಥೆ ಇದೆ. ಆರನೇ ಸೀಸನ್ನಿನ ಕೊನೆಯ ಕಂತು ಬಂದದ್ದು 2016ರ ಏಪ್ರಿಲ್ 3ಕ್ಕೆ. ಅದರ ಕೊನೆಯಲ್ಲೂ ಇದೇ ಕಾಡು, ಇದೇ ಹನ್ನೊಂದು ಜನ, ಇದೇ ಬ್ಯಾಟು. ನೀಗನ್ ಮಕ್ಕಳ ಆಟದ ಹಾಡಿನಂತೆ ಒಬ್ಬೊಬ್ಬರನ್ನೇ ಎಣಿಸುತ್ತಾ ಬಂದು ಒಬ್ಬರ ಮುಂದೆ ನಿಲ್ಲುತ್ತಾನೆ. ಕ್ಯಾಮೆರಾ ಆ ಒಬ್ಬರ ಕಣ್ಣಿನ ಜಾಗಕ್ಕೆ ಹೋಗುತ್ತೆ. ಏಟು ಬೀಳೋದು ನೇರ ನಮ್ಮ ಮೇಲೆ. ತೆರೆಯ ಮೇಲೆ ರಕ್ತ ಇಳಿಯುತ್ತೆ, ಕತ್ತಲಾಗುತ್ತೆ. ಸತ್ತದ್ದು ಯಾರು ಅಂತ ತೋರಿಸಲಿಲ್ಲ. ಉತ್ತರಕ್ಕೆ ಆರು ತಿಂಗಳ ಮೇಲೆ ಕಾಯಬೇಕಾಯಿತು.

ಇದು ನಮಗೆ ಹೊಸದೇನಲ್ಲ. ನಮ್ಮ ಮೆಗಾ ಧಾರಾವಾಹಿಗಳಲ್ಲಿ ಶುಕ್ರವಾರ ರಾತ್ರಿ ಬಾಗಿಲು ತೆರೆಯುತ್ತೆ, ಅತ್ತೆಯ ಮುಖ ಮೂರು ಸಲ ಝೂಮ್ ಆಗುತ್ತೆ, ಮೂರು ಸಲ ಗುಡುಗುತ್ತೆ, ಬಂದವರು ಯಾರು ಅಂತ ಸೋಮವಾರ ಗೊತ್ತಾಗುತ್ತೆ. ಅದನ್ನು ನೋಡಿ ನಗೋ ನಾವೇ ಆರು ತಿಂಗಳು ಅದೇ ಗುಡುಗಿನ ಕೆಳಗೆ ಕೂತಿದ್ದೆವು. ನಮ್ಮ ಟೀಮಿನಲ್ಲಿ ಎಕ್ಸೆಲ್ ಶೀಟು ಮಾಡಿ ಬೆಟ್ಟಿಂಗ್ ಕಟ್ಟಿದ್ದೆವು. ತಲೆಗೆ ನೂರು ರೂಪಾಯಿ, ಹನ್ನೊಂದು ಹೆಸರು. ನಾನು ಕಟ್ಟಿದ್ದು ಗ್ಲೆನ್ ಮೇಲೆ. ನನಗೆ ಪ್ರೀತಿಯಿದ್ದ ಹುಡುಗನ ಸಾವಿನ ಮೇಲೆ ದುಡ್ಡು ಕಟ್ಟಿ ಗೆದ್ದೆ ಅಂತ ಈಗ ಬರೆಯುವಾಗ ನಾಚಿಕೆಯಾಗುತ್ತೆ. ಆಗ ಆಗಲಿಲ್ಲ.

ಅದೇ ಆರನೇ ಸೀಸನ್ನಿನಲ್ಲಿ ಅವರು ಗ್ಲೆನ್‌ನನ್ನು ಇನ್ನೊಂದು ಸಲ ಹೀಗೇ ಬಳಸಿಕೊಂಡಿದ್ದರು. 2015ರ ಅಕ್ಟೋಬರ್‌ನಲ್ಲಿ ಕಸದ ತೊಟ್ಟಿಯ ಮೇಲಿಂದ ಅವನು ಹೆಣಗಳ ಗುಂಪಿನ ಮೇಲೆ ಬೀಳುತ್ತಾನೆ, ಕರುಳು ಕಿತ್ತು ತಿನ್ನೋದು ಕಾಣುತ್ತೆ. ಮುಂದಿನ ಕಂತಿನ ಶುರುವಿನಲ್ಲಿ ನಟ ಸ್ಟೀವನ್ ಯೂನ್ ಹೆಸರನ್ನೂ ತೆಗೆದುಹಾಕಿದರು. ತಿಂಗಳಾದ ಮೇಲೆ, ಅವನು ಸತ್ತಿರಲಿಲ್ಲ, ಕರುಳು ಮೇಲೆ ಬಿದ್ದಿದ್ದ ಇನ್ನೊಬ್ಬನದ್ದು ಅಂದರು. ಒಬ್ಬನ ಸಾವನ್ನು ಒಂದು ಸಲ ಮೋಸಕ್ಕೆ, ಇನ್ನೊಂದು ಸಲ ಒಗಟಿಗೆ ಬಳಸಿ, ಮೂರನೇ ಸಲ ನಿಜಕ್ಕೂ ಕೊಂದರೆ ನೋಡೋರಿಗೆ ಅಳು ಎಲ್ಲಿಂದ ಬರಬೇಕು?

ಆ ವಾರವೇ ದೀಪಾವಳಿ. ಶುಕ್ರವಾರ ರಾತ್ರಿ ಮೆಜೆಸ್ಟಿಕ್‌ನಲ್ಲಿ ನೂಕಾಡಿ ಕೆಂಪು ಬಸ್ಸು ಹತ್ತಿ ಚನ್ನರಾಯಪಟ್ಟಣದ ಮೇಲೆ ಹೊಳೆನರಸೀಪುರಕ್ಕೆ ಹೋದೆ. ನಮ್ಮೂರು ಹೊಳೆನರಸೀಪುರದಿಂದ ಅರಕಲಗೂಡಿಗೆ ಹೋಗೋ ದಾರಿಯಲ್ಲಿ ಒಂದಿಷ್ಟು ಒಳಗೆ. ಬೆಳಗ್ಗೆ ಅವ್ವ ಒಲೆ ಮುಂದೆ ಕೂತು ಕಜ್ಜಾಯ ತಟ್ಟುತ್ತಿದ್ದಳು. ನಾನು ಸುಮ್ಮನೆ ಕೂತಿದ್ದು ನೋಡಿ ಕೇಳಿದಳು, “ಯಾಕ್ಲಾ ಮಗ, ಮಖ ಹಂಗ್ ಮಾಡ್ಕಂಡಿದ್ದೀಯ?”

ಏನು ಹೇಳೋದು? ಟೀವಿಯಲ್ಲಿ ಒಬ್ಬನನ್ನ ಕೊಂದರು ಅಂದೆ. ಅವಳಿಗೆ ಕಥೆ ಅಂದರೆ ಸಾಕು. ಎಣ್ಣೆ ಬಾಣಲೆ ಕೆಳಗೆ ಉರಿ ತಗ್ಗಿಸಿ, ಹೇಳು ಅಂದಳು. ಹೇಳಿದೆ. ಸತ್ತೋರು ಎದ್ದು ಬರೋದು ಅವಳಿಗೆ ವಿಶೇಷ ಅನ್ನಿಸಲೇ ಇಲ್ಲ. ನನ್ನ ಬಾಲ್ಯದಲ್ಲಿ ನಮ್ಮ ಕಡೆ ಮನೆ ಬಾಗಿಲಿಗೆಲ್ಲ ‘ನಾಳೆ ಬಾ’ ಅಂತ ಬರೆದಿದ್ದರು. ರಾತ್ರಿ ಬಂದು ಮನೆಯವರ ದನಿಯಲ್ಲಿ ಹೆಸರು ಕರೆಯೋ ದೆವ್ವ ಅದನ್ನು ಓದಿ ವಾಪಸ್ಸು ಹೋಗುತ್ತೆ ಅಂತ ನಂಬಿಕೆ. ನಮ್ಮ ಬಾಗಿಲ ಮೇಲೆ ಇದ್ದಿಲಲ್ಲಿ ಬರೆದವನು ನಾನೇ. ಆಗಿನ್ನೂ ಕಾಗುಣಿತ ಕಲಿಯುತ್ತಿದ್ದೆ. ಅಂಥ ಅವ್ವನಿಗೆ ಹೆಣ ನಡೆಯೋದು ದೊಡ್ಡ ಮಾತೇ?

ಕೊನೆಗೆ ಬ್ಯಾಟಿನ ಏಟು, ಕಣ್ಣು, ಎಲ್ಲಾ ಹೇಳಿ ಮುಗಿಸಿದೆ. ಅವಳು ಯಾವುದಕ್ಕೂ ಹೌಹಾರಲಿಲ್ಲ. ಒಂದೇ ಪ್ರಶ್ನೆ ಕೇಳಿದಳು.

“ಅವ್ನ ಹೆಂಡ್ತಿ ಅಲ್ಲೇ ಇದ್ಲು ಅಂದ್ಯಲ್ಲ, ಬಸ್ರಿ. ಅವ್ಳು ಏನ್ ಮಾಡುದ್ಲು?”

ನನಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ನೆನಪು ಮಾಡಿಕೊಳ್ಳಬೇಕಾಯಿತು. ಆರು ತಿಂಗಳು ನಾವೆಲ್ಲ ಕೇಳಿದ್ದು ‘ಯಾರು’ ಅಂತ. ಅವ್ವ ‘ಯಾರು’ ಅಂತ ಕೇಳಲೇ ಇಲ್ಲ.

ಅವ್ವ ಇಂಥ ಪ್ರಶ್ನೆ ಕಲಿತದ್ದು ಎಲ್ಲಿ ಅಂತ ನನಗೆ ಗೊತ್ತು. ನಮ್ಮ ಕಡೆ ಹಬ್ಬ-ಜಾತ್ರೆಯ ಹೊತ್ತಿಗೆ ಕುರುಕ್ಷೇತ್ರ ನಾಟಕ ಆಡುತ್ತಾರೆ. ಹಾಸನ, ಮಂಡ್ಯ, ತುಮಕೂರು ಕಡೆಯವರಿಗೆ ವಿವರಿಸೋದು ಬೇಡ. ತಿಂಗಳುಗಟ್ಟಲೆ ಹಾರ್ಮೋನಿಯಂ ಮೇಷ್ಟರನ್ನು ಕರೆಸಿ ಅಭ್ಯಾಸ. ಪಾತ್ರ ಬೇಕಾದವರೇ ದುಡ್ಡು ಹಾಕಬೇಕು. ದುರ್ಯೋಧನನಿಗೆ ಜಾಸ್ತಿ ರೇಟು. ಸೀನರಿ, ಡ್ರೆಸ್ಸು, ಲೈಟು ಎಲ್ಲಾ ಬಾಡಿಗೆ. ಹೆಣ್ಣು ಪಾತ್ರಕ್ಕೆ ಪಟ್ಟಣದಿಂದ ಕಲಾವಿದೆಯರು. ರಾತ್ರಿ ಹತ್ತಕ್ಕೆ ಶುರುವಾದರೆ ಮುಗಿಯೋದು ಬೆಳಕು ಹರಿದ ಮೇಲೆ.

ಅದರಲ್ಲಿ ಕ್ರೌರ್ಯ ಕಮ್ಮಿ ಇದೆಯಾ? ನಮ್ಮ ಚಿಕ್ಕಪ್ಪ ದುಶ್ಯಾಸನ ಆಗಿದ್ದಾಗ ಭೀಮ ಅವನ ಎದೆ ಬಗೆದ. ಒಳಗಿಟ್ಟಿದ್ದ ಕುಂಕುಮದ ನೀರಿನ ಚೀಲ ಒಡೆದು ವೇದಿಕೆಯೆಲ್ಲ ಕೆಂಪಾಯಿತು. ಮುಂದೆ ಕೂತಿದ್ದ ನಾನು ಚಡ್ಡಿ ಒದ್ದೆ ಮಾಡಿಕೊಂಡಿದ್ದೆ. ಬೆಳಗ್ಗೆ ಅದೇ ಚಿಕ್ಕಪ್ಪ ಕತ್ತಿನ ಕೆಂಪು ಪೂರ್ತಿ ಹೋಗದೆ ಡೈರಿಗೆ ಹಾಲು ಹಾಕಲು ನಿಂತಿದ್ದು ನೋಡಿದ ಮೇಲೆಯೇ ಸಮಾಧಾನವಾಗಿದ್ದು. ಕ್ರೌರ್ಯ ನಮ್ಮ ಜನಕ್ಕೆ ಹೊಸದಲ್ಲ. ಪಂಪ, ರನ್ನ, ಕುಮಾರವ್ಯಾಸ ಯಾರೂ ರಕ್ತಕ್ಕೆ ಹೇಸಿದವರಲ್ಲ. ಹಳೇಬೀಡಿನ ಗುಡಿಯ ಗೋಡೆ ನೋಡಿ, ನರಸಿಂಹ ಹಿರಣ್ಯಕಶಿಪುವಿನ ಕರುಳು ಬಗೆಯುತ್ತಿದ್ದಾನೆ. ಸ್ಕೂಲು ಟ್ರಿಪ್ಪಿನ ಮಕ್ಕಳು ಅದರ ಮುಂದೆ ನಿಂತು ಚಕ್ಕುಲಿ ತಿನ್ನುತ್ತಾರೆ.

ಅದೇ ಗೋಡೆಯ ಮೇಲೆ ಚಕ್ರವ್ಯೂಹವೂ ಇದೆ, ಒಳಗೆ ಅಭಿಮನ್ಯುವೂ ಇದ್ದಾನೆ. ಈ ಅಭಿಮನ್ಯುವಿನ ಸಾವೇ ನಮ್ಮ ಕಡೆಯ ನಾಟಕದ ಎದೆ. ಅವನು ಸಾಯುತ್ತಾನೆ ಅಂತ ಅಲ್ಲಿ ಗೊತ್ತಿಲ್ಲದವರು ಯಾರು? ಬೀಡಿ ಕಟ್ಟು ಮಾರೋ ಹುಡುಗನಿಗೂ ಗೊತ್ತು. ಸಸ್ಪೆನ್ಸ್ ಅನ್ನೋದು ಅಲ್ಲಿಲ್ಲವೇ ಇಲ್ಲ. ಆದರೂ ಜನ ಕಾಯೋದು ಯಾವುದಕ್ಕೆ ಗೊತ್ತಾ? ಯುದ್ಧಕ್ಕೆ ಹೊರಟ ಅಭಿಮನ್ಯುವನ್ನು ಉತ್ತರೆ ತಡೆಯುವ ಸೀನಿಗೆ. ಅವಳೂ ಬಸುರಿ. ನಾಟಕದ ಉದ್ದದ ಹಾಡುಗಳಲ್ಲಿ ಒಂದು ಅಲ್ಲಿ ಬರುತ್ತೆ. ಹೋಗಬೇಡ ಅನ್ನುತ್ತಾಳೆ, ಬಂದುಬಿಡುತ್ತೇನೆ ಅನ್ನುತ್ತಾನೆ. ‘ಒನ್ಸ್ ಮೋರ್’ ಕೂಗುತ್ತಾರೆ, ನೋಟಿನ ಹಾರ ಹಾಕುತ್ತಾರೆ, ಮತ್ತೆ ಹಾಡಿಸುತ್ತಾರೆ. ಅವನು ಬೇಗ ಹೋಗದಿರಲಿ ಅಂತಲೇ ಜನ ಮತ್ತೆ ಮತ್ತೆ ಹಾಡಿಸುತ್ತಾರೇನೋ ಅಂತ ನನಗೆ ಈಗ ಅನ್ನಿಸುತ್ತೆ. ಕೊಲ್ಲೋದು ನಮ್ಮೂರಲ್ಲಿ ಐದು ನಿಮಿಷದಲ್ಲಿ ಮುಗಿಯುತ್ತೆ. ಆಮೇಲೆ ಸುಭದ್ರೆ, ಅರ್ಜುನ, ಉತ್ತರೆ. ಆ ಹೊತ್ತಿಗೆ ಅವ್ವ, ಅಜ್ಜಿ, ಪಕ್ಕದ ಮನೆಯವರು ಎಲ್ಲರ ಸೆರಗೂ ಕಣ್ಣಿಗೆ.

ನಾವೂ ಒನ್ಸ್ ಮೋರ್ ಅಂದವರೇ, ರಿಮೋಟ್ ಹಿಡಿದುಕೊಂಡು. ಅವರು ಮತ್ತೆ ನೋಡಿದ್ದು ಗಂಡ-ಹೆಂಡತಿ ಅಗಲೋದನ್ನು. ನಾವು ಮತ್ತೆ ನೋಡಿದ್ದು ಕಣ್ಣು ಕಿತ್ತು ಬರೋದನ್ನು. ಇಷ್ಟು ವ್ಯತ್ಯಾಸ ಜನರಿಂದ ಮಾತ್ರ ಬಂದದ್ದಲ್ಲ, ಕಥೆ ಹೇಳೋ ರೀತಿಯಿಂದಲೂ ಬಂದದ್ದು.

ಇಲ್ಲಿ ಗೆಳೆಯರ ವಾದವನ್ನೂ ಹೇಳಿಬಿಡಬೇಕು. ಮೊದಲನೆಯದು, ಮೂಲ ಕಾಮಿಕ್ಸ್‌ನಲ್ಲೇ ಹೀಗಿದೆಯಲ್ಲ ಅನ್ನೋದು. ನಿಜ. 2012ರ ಜುಲೈನಲ್ಲಿ ಬಂದ 100ನೇ ಸಂಚಿಕೆಯಲ್ಲಿ ನೀಗನ್ ಗ್ಲೆನ್‌ನನ್ನು ಇದೇ ಬ್ಯಾಟಿನಿಂದ ಕೊಲ್ಲುತ್ತಾನೆ, ಕಣ್ಣೂ ಹಾಗೇ. ಆದರೆ ಅಲ್ಲಿ ಎಣಿಸೋದು, ಹೊಡೆಯೋದು, ಸಾಯೋದು ಎಲ್ಲಾ ಒಂದೇ ಸಂಚಿಕೆಯಲ್ಲಿ. ಓದೋನಿಗೆ ಬೆಟ್ ಕಟ್ಟೋಕೆ ಟೈಮೇ ಇಲ್ಲ. ಟೀವಿಯವರು ಚಿತ್ರವನ್ನು ಅಲ್ಲಿಂದ ಎತ್ತಿದರು, ಸಮಯವನ್ನು ಬದಲಾಯಿಸಿದರು.

ಎರಡನೆಯದು, ‘ಗೇಮ್ ಆಫ್ ಥ್ರೋನ್ಸ್’ನ ಕೆಂಪು ಮದುವೆ ನೋಡಿ ಚಪ್ಪಾಳೆ ಹೊಡೆದವನು ನೀನೇ ಅಲ್ವಾ ಅನ್ನೋದು. 2013ರ ಜೂನ್‌ನ ಆ ಕಂತಿನಲ್ಲೂ ಬಸುರಿಯ ಹೊಟ್ಟೆಗೇ ಚಾಕು ಹಾಕುತ್ತಾರೆ. ಕ್ರೌರ್ಯದಲ್ಲಿ ಇದಕ್ಕಿಂತ ಒಂದು ಕೈ ಮೇಲೆ. ಆದರೆ ಅಲ್ಲಿ ಕೊನೆಗೆ ಕ್ಯಾಮೆರಾ ನಿಲ್ಲೋದು ಮಗನ ಸಾವು ಕಂಡ ತಾಯಿಯ ಮುಖದ ಮೇಲೆ. ಅವಳು ಕೂಗುತ್ತಾಳೆ, ಆಮೇಲೆ ಖಾಲಿಯಾಗುತ್ತಾಳೆ, ಆಮೇಲೆ ಅವಳ ಕತ್ತೂ ಕುಯ್ಯುತ್ತಾರೆ. ಕೊಂದವರ ಭಾಷಣ ಅಲ್ಲಿಲ್ಲ. ನಾನು ಆ ರಾತ್ರಿ ರಿವೈಂಡ್ ಮಾಡಲಿಲ್ಲ. ಎದ್ದು ಹೋಗಿ ಮುಖ ತೊಳೆದುಕೊಂಡು ಬಂದೆ.

‘ವಾಕಿಂಗ್ ಡೆಡ್’ನ ಈ ಕಂತು ಪೂರ್ತಿ ನೀಗನ್‌ನ ಕೈಯಲ್ಲಿದೆ. ಜೆಫ್ರಿ ಡೀನ್ ಮಾರ್ಗನ್ ಒಳ್ಳೆಯ ನಟ, ಅನುಮಾನವಿಲ್ಲ. ಬೆನ್ನು ಹಿಂದಕ್ಕೆ ಬಾಗಿಸಿ ನಗೋ ರೀತಿ, ಬ್ಯಾಟಿಗೆ ಲೂಸಿಲ್ ಅಂತ ಹೆಣ್ಣಿನ ಹೆಸರಿಟ್ಟು ಮುದ್ದು ಮಾಡೋ ರೀತಿ ಎಲ್ಲಾ ಚೆನ್ನಾಗೇ ಇದೆ. ಸಮಸ್ಯೆಯೇ ಅದು. ಸ್ಕಾಟ್ ಗಿಂಪಲ್ ಬರೆದು ಗ್ರೆಗ್ ನಿಕೊಟೆರೊ ನಿರ್ದೇಶಿಸಿದ ಈ ಕಂತು ಶುರುವಾಗೋದು ಕೊಲೆ ಮುಗಿದ ಮೇಲೆ. ಸತ್ತದ್ದು ಯಾರು ಅಂತ ಆಗಲೂ ಹೇಳೋದಿಲ್ಲ. ನೀಗನ್ ರಿಕ್‌ನನ್ನು ವ್ಯಾನಿನಲ್ಲಿ ಎಳೆದುಕೊಂಡು ಹೋಗುತ್ತಾನೆ, ಕೊಡಲಿಯನ್ನು ಮಂಜಿನೊಳಗೆ ಹೆಣಗಳ ನಡುವೆ ಎಸೆದು ತಗೊಂಡು ಬಾ ಅನ್ನುತ್ತಾನೆ, ಭಾಷಣ ಮಾಡುತ್ತಾನೆ. ಆರು ತಿಂಗಳು ಕಾದವರನ್ನು ಇನ್ನೂ ಕಾಯಿಸಿದರು. ಅಷ್ಟು ಹೊತ್ತೂ ನನ್ನ ಮನಸ್ಸಿನಲ್ಲಿದ್ದದ್ದು ಒಂದೇ: ‘ಯಾರು ಅಂತ ಹೇಳಿ ಸಾಯ್ರಪ್ಪ!’ ಹೌದು, ಅಷ್ಟು ಹೊತ್ತಿಗೆ ನಾನು ಸಾವನ್ನು ತೋರಿಸಿ ಅಂತ ಬೇಡಿಕೊಳ್ಳುತ್ತಿದ್ದೆ. ಆಮೇಲೆ ರಿಕ್‌ಗೆ ಸ್ವಂತ ಮಗನ ಕೈ ಕತ್ತರಿಸು ಅಂತ ಹೇಳಿ, ಕೊಡಲಿ ಎತ್ತಿದ ಮೇಲೆ ತಡೆಯುತ್ತಾನೆ. ರಿಕ್‌ನನ್ನು ಮುರಿಯೋದು ನೀಗನ್‌ನ ಕೆಲಸ. ನಮ್ಮನ್ನೂ ಅದೇ ರೀತಿ ಮುರಿಯೋದು ಬರೆದವರ ಕೆಲಸ ಆಗಬೇಕಿತ್ತಾ? ಕೊಲೆಗಾರನ ಕೆಲಸವೂ ಕಥೆಗಾರನ ಕೆಲಸವೂ ಇಲ್ಲಿ ಒಂದೇ ಆಗಿಬಿಟ್ಟಿದೆ.

ನಮ್ಮೂರ ಕೆರೆ ಏರಿಯ ಮೇಲೆ ಒಂದು ವೀರಗಲ್ಲಿದೆ. ಹಾಸನ ಸೀಮೆಯಲ್ಲಿ ಇಂಥವು ಬೇಕಾದಷ್ಟು. ದನ ಕಟ್ಟೋಕೆ, ಬಟ್ಟೆ ಒಗೆಯೋಕೆ ಬಳಸಿ ಸವೆದ ಕಲ್ಲುಗಳೂ ಇವೆ. ಮೂರು ಅಂತಸ್ತು. ಕೆಳಗೆ ಯುದ್ಧ: ಕತ್ತಿ, ಬಾಣ, ಬಿದ್ದ ಹೆಣ. ನಡುವೆ ಅಪ್ಸರೆಯರು ಸತ್ತವನನ್ನು ಎರಡೂ ಕಡೆ ಹಿಡಿದು ಮೇಲಕ್ಕೆ ಕರೆದೊಯ್ಯುತ್ತಾರೆ. ಮೇಲೆ ಅವನು ಶಿವಲಿಂಗದ ಮುಂದೆ ಕೂತಿದ್ದಾನೆ. ಓದೋದು ಕೆಳಗಿನಿಂದ ಮೇಲಕ್ಕೆ. ರಕ್ತಕ್ಕೆ ಅದರಲ್ಲಿ ಮೂರನೇ ಒಂದು ಪಾಲು ಮಾತ್ರ. ಇನ್ನೆರಡು ಪಾಲು ಸತ್ತವನಿಗೆ. ಕಲ್ಲು ನಿಲ್ಲಿಸಿರೋದೂ ಸತ್ತವನ ಹೆಸರಲ್ಲಿ, ಕೊಂದವನದ್ದಲ್ಲ.

ಈ ಕಂತಿನಲ್ಲಿ ಮೇಲಿನ ಅಂತಸ್ತು ಇಲ್ಲವೇ ಇಲ್ಲ ಅಂದರೆ ಅನ್ಯಾಯ ಮಾಡಿದಂತೆ. ಇದೆ, ಕೊನೆಯ ಕೆಲವು ನಿಮಿಷಗಳಲ್ಲಿ. ಅವ್ವನ ಪ್ರಶ್ನೆಗೆ ಉತ್ತರ ನನಗೆ ಸಿಕ್ಕಿದ್ದೂ ಅಲ್ಲೇ. ನೀಗನ್ ಹೋದ ಮೇಲೆ ಮ್ಯಾಗಿ ಎದ್ದು ನಿಲ್ಲಲು ಒದ್ದಾಡುತ್ತಾಳೆ. ಕಾಲಲ್ಲಿ ಶಕ್ತಿ ಇಲ್ಲ. ನೀವೆಲ್ಲ ಹೋಗಿ, ನನ್ನ ಗಂಡನನ್ನು ನಾನೇ ಹೊತ್ತುಕೊಂಡು ಹೋಗುತ್ತೇನೆ ಅನ್ನುತ್ತಾಳೆ. ಬಿಡೋದಿಲ್ಲ, ಎಲ್ಲರೂ ಸೇರಿ ಹೆಣ ಎತ್ತುತ್ತಾರೆ. ಆಮೇಲೆ ರಿಕ್‌ನ ಕಲ್ಪನೆಯಲ್ಲಿ ಒಂದು ಉದ್ದನೆ ಊಟದ ಮೇಜು. ಎಲ್ಲರೂ ನಗುತ್ತಾ ಕೂತಿದ್ದಾರೆ. ಗ್ಲೆನ್‌ನ ತೊಡೆಯ ಮೇಲೆ ಅವನು ನೋಡಲಾಗದ ಮಗು.

ಇಷ್ಟನ್ನು ಅವ್ವನಿಗೆ ಹೇಳಿದೆ. ಅವಳು, “ಎಡೆ ಇಟ್ಟವ್ರೆ ಬುಡು” ಅಂದಳು. ನಮ್ಮ ಮನೆಯಲ್ಲಿ ದೀಪಾವಳಿಗೇ ಹಿರಿಯರಿಗೆ ಎಡೆ ಇಡೋದು. ಸತ್ತವರಿಗೆ ಇಷ್ಟವಾದದ್ದನ್ನೆಲ್ಲ ಎಲೆ ಮೇಲೆ ಬಡಿಸಿ, ಬಾಗಿಲು ಹಾಕಿ, ಒಂದಿಷ್ಟು ಹೊತ್ತು ಹೊರಗೆ ನಿಲ್ಲುತ್ತೇವೆ. ಅಂಥ ಒಂದು ಎಡೆ ಆ ಕಂತಿನಲ್ಲೂ ಇತ್ತು. ನಾನು ಅದನ್ನು ಸರಿಯಾಗಿ ನೋಡಿಯೇ ಇರಲಿಲ್ಲ. ಲಾರೆನ್ ಕೋಹನ್ ಮ್ಯಾಗಿಯಾಗಿ ಆ ಹೊತ್ತಿನಲ್ಲಿ ಮಾಡಿದ ಅಭಿನಯ ಇಡೀ ಕಂತಿನಲ್ಲೇ ದೊಡ್ಡದು. ಆದರೆ ಅಷ್ಟು ಹೊತ್ತಿಗೆ ನಮ್ಮ ರೂಮಿನಲ್ಲಿ ಕಣ್ಣಿನ ಮೇಕಪ್ ಬಗ್ಗೆ ಚರ್ಚೆ ನಡೆಯುತ್ತಿತ್ತು. ಏಟಿನ ಮುಂದೆ ಎಡೆ ಯಾರಿಗೆ ಕಾಣಬೇಕು?

ಟೀವಿ ಕಥೆ ತಾನೇ, ಇಷ್ಟು ಯಾಕೆ ತಲೆ ಕೆಡಿಸಿಕೊಳ್ಳಬೇಕು ಅಂತ ನೀವು ಕೇಳಬಹುದು. ನಾನೂ ಕೇಳಿಕೊಂಡೆ. ಉತ್ತರ ಸಿಕ್ಕಿದ್ದು ಅದೇ ಬಸ್ಸಿನಲ್ಲಿ, ನೆಲಮಂಗಲದಲ್ಲಿ ಬಸ್ಸು ಕುಣಿಗಲ್ ಕಡೆ ತಿರುಗುವಾಗ.

ಅದೇ ವರ್ಷ ಫೆಬ್ರವರಿಯಲ್ಲಿ, ನೆಲಮಂಗಲದ ಬಳಿ ತುಮಕೂರು ರಸ್ತೆಯಲ್ಲಿ, ಬೈಕಿನಲ್ಲಿ ಬರುತ್ತಿದ್ದ ಗುಬ್ಬಿ ಕಡೆಯ ಯುವಕನೊಬ್ಬನ ಮೇಲೆ ಲಾರಿ ಹರಿದಿತ್ತು. ದೇಹ ಎರಡಾಗಿತ್ತು. ಆ ಸ್ಥಿತಿಯಲ್ಲೂ ಅವನು ಮಾತಾಡಿದ. ತನ್ನ ಅಂಗಾಂಗ ದಾನ ಮಾಡಿ ಅಂದ. ಕಣ್ಣುಗಳನ್ನು ದಾನ ಮಾಡಿದರು. ಸುತ್ತ ನಿಂತಿದ್ದವರಲ್ಲಿ ಕೆಲವರು ವಿಡಿಯೋ ತೆಗೆದರು. ಅದು ಎಲ್ಲರ ವಾಟ್ಸಾಪ್‌ಗೂ ಬಂತು, ನನಗೂ ಬಂತು. ನಾನು ನೋಡಿದೆ. ಎರಡು ಗ್ರೂಪಿಗೆ ಫಾರ್ವರ್ಡ್ ಮಾಡಿದೆ. ಒಂದು ಕಾಲೇಜಿನ ಗ್ರೂಪು, ಒಂದು ಊರಿನ ಗ್ರೂಪು. ಕೆಳಗೆ ಅಳೋ ಮುಖದ ಚಿಹ್ನೆ ಬೇರೆ ಹಾಕಿದ್ದೆ. ಅವನಿಗೂ ಒಬ್ಬ ತಾಯಿ ಇರುತ್ತಾಳೆ, ಆ ವಿಡಿಯೋ ಅವಳ ಊರಿನ ಯಾವುದಾದರೂ ಮೊಬೈಲಿಗೂ ಹೋಗುತ್ತೆ ಅನ್ನೋದು ಆ ಕ್ಷಣಕ್ಕೆ ಹೊಳೆಯಲೇ ಇಲ್ಲ. ಅಂದು ನನ್ನ ಕಣ್ಣು ನಿಂತದ್ದು ಎರಡಾದ ದೇಹದ ಮೇಲೆ. ಅವನು ಏನು ಹೇಳುತ್ತಿದ್ದಾನೆ ಅನ್ನೋದು ನನಗೆ ಗೊತ್ತಾದದ್ದು ಮಾರನೇ ದಿನ ಪೇಪರ್ ಓದಿದ ಮೇಲೆ.

ರಿಮೋಟ್ ಹಿಡಿದ ಕೈ, ಫಾರ್ವರ್ಡ್ ಒತ್ತಿದ ಕೈ ಎರಡೂ ಒಂದೇ. ಸಾಯುತ್ತಿರುವ ಮನುಷ್ಯನೊಬ್ಬ ಮಾತಾಡುತ್ತಿದ್ದರೂ ಗಾಯವನ್ನೇ ನೋಡೋ ಅಭ್ಯಾಸ ಎಲ್ಲಿಂದಾದರೂ ಬರಲೇಬೇಕಲ್ಲ. ರಾತ್ರಿ ಹತ್ತೂವರೆಯ ಕ್ರೈಂ ಕಾರ್ಯಕ್ರಮಗಳಲ್ಲಿ, ಕೊಂದದ್ದು ಯಾರು ಅಂತ ಬ್ರೇಕ್ ಆದ ಮೇಲೆ ಹೇಳ್ತೀವಿ ಅನ್ನೋ ದನಿಯಲ್ಲಿ, ಆರು ತಿಂಗಳ ಒಗಟಿನಲ್ಲಿ, ಸ್ವಲ್ಪಸ್ವಲ್ಪವಾಗಿ ಬಂದಿರುತ್ತೆ. ಧಾರಾವಾಹಿಯೇ ನನ್ನನ್ನು ಕೆಡಿಸಿತು ಅಂತ ನಾನು ಹೇಳೋದಿಲ್ಲ. ಆದರೆ ಒಳ್ಳೆಯ ಕಥೆ ಅನ್ನಿಸಿಕೊಂಡದ್ದು ಆ ಅಭ್ಯಾಸವನ್ನು ಬಿಡಿಸಬೇಕಿತ್ತು. ಇದು ಅದನ್ನೇ ನಂಬಿಕೊಂಡು ಆರು ತಿಂಗಳು ವ್ಯಾಪಾರ ಮಾಡಿತು.

ಆ ಯುವಕನ ಹೆಸರಿನಲ್ಲಿ ಆಮೇಲೆ ಸರ್ಕಾರ ಒಂದು ಯೋಜನೆ ತಂದಿತು: ಮುಖ್ಯಮಂತ್ರಿ ಸಾಂತ್ವನ ಹರೀಶ್ ಯೋಜನೆ. ರಸ್ತೆ ಅಪಘಾತದಲ್ಲಿ ಗಾಯಗೊಂಡವರಿಗೆ ಮೊದಲ 48 ಗಂಟೆ, 25 ಸಾವಿರ ರೂಪಾಯಿವರೆಗೆ ಉಚಿತ ಚಿಕಿತ್ಸೆ ಸಿಗುತ್ತಿತ್ತು. ನನಗೆ ಅದು ನಮ್ಮ ಕಾಲದ ವೀರಗಲ್ಲಿನ ಹಾಗೆ ಕಾಣುತ್ತೆ. ಅದರ ಮೇಲೂ ಇರೋದು ಸತ್ತವನ ಹೆಸರು.

ಭಾನುವಾರ ಅತ್ತಿಗೆಯ ಜೊತೆ ಹಾಸನಕ್ಕೆ ಹೋದೆ. ಹಾಸನಾಂಬೆಯ ಬಾಗಿಲು ತೆರೆಯೋದು ವರ್ಷಕ್ಕೊಮ್ಮೆ, ಈ ದಿನಗಳಲ್ಲಿ ಮಾತ್ರ. ಮೂರು ಗಂಟೆ ಕ್ಯೂನಲ್ಲಿ ನಿಂತೆವು. ಗುಡಿಯ ಒಳಗೆ ಸೊಸೆ ಕಲ್ಲು ಅಂತ ಒಂದಿದೆ. ಅದರ ಕಥೆ ಹಾಸನದವರಿಗೆಲ್ಲ ಗೊತ್ತು. ದೇವಿಯ ಮುಂದೆ ಮೈಮರೆತು ಕೂತಿದ್ದ ಸೊಸೆಯ ತಲೆಗೆ ಅತ್ತೆ ಬಂದು ಹೊಡೆದಳಂತೆ. ನೋವಿಗೆ ಅವಳು ಅಮ್ಮಾ ಅಂದಳಂತೆ. ದೇವಿ ಅವಳನ್ನು ಕಲ್ಲು ಮಾಡಿ ತನ್ನ ಹತ್ತಿರವೇ ಇಟ್ಟುಕೊಂಡಳಂತೆ. ಆ ಕಲ್ಲು ವರ್ಷಕ್ಕೆ ಒಂದು ಅಕ್ಕಿ ಕಾಳಿನಷ್ಟು ದೇವಿಯ ಕಡೆ ಸರಿಯುತ್ತೆ. ಪಾದ ಮುಟ್ಟಿದ ದಿನ ಕಲಿಯುಗ ಮುಗಿಯುತ್ತೆ.

ಚಿಕ್ಕಂದಿನಿಂದ ಕೇಳಿದ ಕಥೆ. ಈ ಸಲ ಮಾತ್ರ ಕ್ಯೂನಲ್ಲಿ ನಿಂತು ಯೋಚಿಸಿದೆ. ಇದೂ ತಲೆಗೆ ಬಿದ್ದ ಏಟಿನ ಕಥೆ. ಲೋಕ ಮುಗಿಯೋ ಕಥೆಯೂ ಹೌದು. ಆದರೆ ಆ ಅತ್ತೆ ಹೇಗಿದ್ದಳು, ಏನು ಭಾಷಣ ಮಾಡಿದಳು, ಯಾವುದರಲ್ಲಿ ಹೊಡೆದಳು ಅಂತ ಕ್ಯೂನಲ್ಲಿದ್ದ ಒಬ್ಬರೂ ಮಾತಾಡುತ್ತಿರಲಿಲ್ಲ. ಮುಂದಿದ್ದ ಹೆಂಗಸು ತನ್ನ ಮಗಳಿಗೆ, ಆ ಕಲ್ಲು ಈ ವರ್ಷ ಎಷ್ಟು ಹತ್ತಿರ ಬಂದಿರಬಹುದು ಅಂತ ಬೆರಳ ತುದಿಯಲ್ಲಿ ತೋರಿಸುತ್ತಿದ್ದಳು.

ಬೆಂಗಳೂರಿಗೆ ವಾಪಸ್ಸು ಬಂದ ಮೇಲೆ ಅಂಕಿಗಳನ್ನು ನೋಡಿದೆ. ಆ ಮೊದಲ ಕಂತನ್ನು ಅಮೆರಿಕದಲ್ಲಿ ನೋಡಿದವರು ಸುಮಾರು 1 ಕೋಟಿ 70 ಲಕ್ಷ. ಮುಂದಿನ ವಾರ ಅದು 1 ಕೋಟಿ 25 ಲಕ್ಷದ ಹತ್ತಿರಕ್ಕೆ ಇಳಿಯಿತು. ಹೆದರಿ ಬಿಟ್ಟರು ಅಂತ ಕೆಲವರು ಬರೆದರು. ನನಗೆ ಇನ್ನೊಂದು ಕಾರಣವೂ ಕಾಣುತ್ತೆ. ಒಗಟಿಗೆ ಉತ್ತರ ಸಿಕ್ಕಮೇಲೆ ಒಗಟು ಬಿಡಿಸೋಕೆ ಬಂದವರು ಎದ್ದು ಹೋಗುತ್ತಾರೆ. ಅಭಿಮನ್ಯು ಸತ್ತ ಮೇಲೆ ನಮ್ಮೂರಲ್ಲಿ ಒಬ್ಬರೂ ಎದ್ದು ಹೋಗೋದಿಲ್ಲ.

ಇಷ್ಟು ಬರೆದದ್ದು 2016ರ ನವೆಂಬರ್‌ನಲ್ಲಿ. ಪುಸ್ತಕಕ್ಕೆ ಸೇರಿಸುವಾಗ ಎರಡು ಮಾತು ಜೋಡಿಸುತ್ತಿದ್ದೇನೆ. 2017ರ ಜನವರಿಯಲ್ಲಿ ಧಾರಾವಾಹಿಯ ನಿರ್ಮಾಪಕಿಯೊಬ್ಬರು, ಜನರ ಪ್ರತಿಕ್ರಿಯೆ ನೋಡಿ ಮುಂದಿನ ಕಂತುಗಳಲ್ಲಿ ಹಿಂಸೆ ತಗ್ಗಿಸಿದ್ದೇವೆ ಅಂದರು. ನಮ್ಮ ಕೆಲಸದ ಭಾಷೆಯಲ್ಲಿ ಹೇಳೋದಾದರೆ, ಬಗ್ ಒಂದು ಕಡೆ, ಫಿಕ್ಸ್ ಇನ್ನೊಂದು ಕಡೆ. ಧಾರಾವಾಹಿ 2022ರ ನವೆಂಬರ್‌ನಲ್ಲಿ ಮುಗಿಯಿತು, 177 ಕಂತು. ಮಾರನೇ ವರ್ಷ ನೀಗನ್‌ಗೆ ‘ಡೆಡ್ ಸಿಟಿ’ ಅಂತ ಬೇರೆ ಧಾರಾವಾಹಿಯೇ ಸಿಕ್ಕಿತು. ಅದರಲ್ಲಿ ಮ್ಯಾಗಿ ತನ್ನ ಮಗನನ್ನು ಹುಡುಕಲು ಗಂಡನ ತಲೆ ಒಡೆದವನ ಸಹಾಯವನ್ನೇ ಕೇಳಿಕೊಂಡು ಹೋಗುತ್ತಾಳೆ.

ಅವ್ವನಿಗೆ ಇದನ್ನೂ ಹೇಳಿದೆ, ಫೋನಿನಲ್ಲಿ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದಳು, “ಮಗ ದೊಡ್ಡವ್ನಾದ್ನಾ? ಅಪ್ಪನ್ ತರಾ ಅವ್ನಾ?”